ಬೋರಲು ಹಾಕಿದ ಬಿಂದಿಗೆ

ಹೋದ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಕೆರೆ ಏರಿಯ ಪಂಪ್‌ಹೌಸ್. ಹಾಜರಿದ್ದವರು: ಪಂಪು ಎತ್ತಲು ಬಂದ ಮೇಸ್ತ್ರಿ ಲೋಕೇಶ, ಅವನ ಕಡೆಯ ನಾಲ್ವರು, ಈಗಿನ ಆಪರೇಟರ್ ಗಂಗಾಧರ, ಮತ್ತು ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. ಹಳೆಯ ಪಂಪನ್ನು ಬಾವಿಯಿಂದ ಎತ್ತಿ, ನೀರಿನೊಳಗೇ ಮುಳುಗಿಕೊಂಡು ಓಡುವ ಹೊಸ ಮೋಟಾರು ಇಳಿಸುತ್ತಾರಂತೆ ಎಂದು ತಿಪಟೂರಿನ ನನ್ನ ಮನೆಗೆ ನಲ್ಲಿ ರಿಪೇರಿಗೆ ಬಂದವನು ಮಾತಿನ ನಡುವೆ ಹೇಳಿದ್ದ. ಯಾವ ದಿನ ಎಂದು ವಿಚಾರಿಸಿಕೊಂಡು, ಮೊದಲ ಬಸ್ಸಿಗೆ ಬಂದಿದ್ದೆ. ಹೀಗೆ ದಿನ, ಹೊತ್ತು, ಯಾರ್‍ಯಾರಿದ್ದರು ಎಂಬುದನ್ನು ಮೊದಲು ಬರೆದು ಆಮೇಲೆ ಉಳಿದದ್ದನ್ನು ಬರೆಯುವುದು ಅಪ್ಪನ ಪದ್ಧತಿ. ಅವನ ಲಾಗ್ ಪುಸ್ತಕದ ಪ್ರತಿ ಪುಟವೂ ಹಾಗೇ ಶುರುವಾಗುತ್ತಿತ್ತು. ಅವನು ಆ ಪಂಪಿನ ಆಪರೇಟರ್ ಆಗಿದ್ದ. ನಾನು ಬೆಳೆದದ್ದು ಅದರ ಪಕ್ಕದ ಮನೆಯಲ್ಲಿ.

ಪಕ್ಕದ ಮನೆ ಎಂದರೆ ನಿಜವಾಗಿಯೂ ಪಕ್ಕ. ಮೋಟಾರು ಕೋಣೆಗೂ ನಮ್ಮ ಅಡುಗೆಮನೆಗೂ ಇದ್ದದ್ದು ಒಂದೇ ಗೋಡೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ಒಂದು ಕಲ್ಲುಚಪ್ಪಡಿಯ ಜಗಲಿ. ಆಚೆಗೆ ಕೆರೆ, ಈಚೆಗೆ ಏರಿಯ ಕೆಳಗೆ ತೆಂಗಿನ ತೋಟಗಳು. ತೋಟದವರ ಮನೆಗಳೆಲ್ಲ ಊರೊಳಗೆ. ಬೆಳಿಗ್ಗೆ ಬಂದು ನೀರು ಕಟ್ಟಿ, ಬಿದ್ದ ಕಾಯಿ ಆಯ್ದು, ಹೊತ್ತು ಇಳಿಯುವ ಮುಂಚೆ ಹೊರಟುಹೋಗುತ್ತಿದ್ದರು. ಆಮೇಲೆ ಕಣ್ಣಿಗೆ ಕಾಣುವಷ್ಟು ದೂರ ನಮ್ಮದೊಂದೇ ಒಲೆ. ಮೋಟಾರು ಶುರುವಾದರೆ ಅಡುಗೆಮನೆಯ ಗೂಡಿನಲ್ಲಿದ್ದ ತಟ್ಟೆಗಳು ಸಣ್ಣಗೆ ನಡುಗತೊಡಗುತ್ತಿದ್ದವು. ಅವ್ವ ಪ್ರತಿ ಎರಡು ತಟ್ಟೆಗಳ ನಡುವೆ ಹಳೆಯ ಸೀರೆಯ ಚೂರು ಇಟ್ಟಿದ್ದಳು. ದೇವರ ಪಟವನ್ನು ಮೊಳೆಗೆ ತೂಗುಹಾಕಿ ಸಾಲದೆ ಕೆಳಗಿನ ಎರಡು ಮೂಲೆಗೂ ದಾರ ಕಟ್ಟಿದ್ದಳು. ಚೊಂಬಿನಲ್ಲಿ ನೀರಿಟ್ಟರೆ ಅದರ ಮೇಲೆ ಉಂಗುರದೊಳಗೆ ಉಂಗುರ ಎದ್ದು ನಿಲ್ಲುತ್ತಿತ್ತು. ಎಲ್ಲರ ಮನೆಯ ಚೊಂಬಿನಲ್ಲೂ ಹೀಗೇ ಇರುತ್ತದೆ ಎಂದು ನಾನು ಶಾಲೆಗೆ ಸೇರುವವರೆಗೆ ತಿಳಿದಿದ್ದೆ.

ಆ ಪಂಪಿಗೆ ಟರ್ಬೈನ್ ಪಂಪು ಎಂದು ಹೆಸರು. ಕಣ್ಣಿಗೆ ಕಾಣುತ್ತಿದ್ದದ್ದು ಮೇಲಿನ ಮೋಟಾರು ಮಾತ್ರ, ರಾಗಿ ತುಂಬಿಡುವ ಮಣ್ಣಿನ ವಾಡೆಯಷ್ಟು ಎತ್ತರದ್ದು, ನೆಟ್ಟಗೆ ನಿಂತಿರುತ್ತಿತ್ತು. ಪಂಪು ಎಲ್ಲಿದೆ ಎಂದು ಕೇಳಿದರೆ ಅಪ್ಪ ಬೆರಳನ್ನು ನೆಲದ ಕಡೆಗೆ ತೋರಿಸುತ್ತಿದ್ದ. ಅವನು ನನಗೆ ಅದನ್ನು ವಿವರಿಸಿದ್ದು ಒಂದೇ ಸಲ, ಅವ್ವ ಮೊಸರು ಕಡೆಯುತ್ತಿದ್ದಾಗ. ಕಡಗೋಲಿನ ತಲೆ ಗಡಿಗೆಯ ತಳದಲ್ಲಿದೆ, ಹಗ್ಗ ಎಳೆಯುವ ಕೈ ಮೇಲಿದೆ. ಇದೂ ಅಷ್ಟೇ ಎಂದ. ಮೇಲಿನ ಮೋಟಾರು ತಿರುಗಿದರೆ ಅದರಿಂದ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತದೆ. ಶಾಫ್ಟಿನ ಕೆಳತುದಿಯಲ್ಲಿ, ನೀರಿನೊಳಗೆ, ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ ಒಂದರ ಮೇಲೊಂದು ಕೂತ ಬಟ್ಟಲುಗಳಿವೆ. ಪ್ರತಿ ಬಟ್ಟಲಿನೊಳಗೂ ಒಂದು ಚಕ್ರ. ಕೆಳಗಿನ ಚಕ್ರ ನೀರನ್ನು ಬೀಸಿ ಮೇಲಿನ ಬಟ್ಟಲಿಗೆ ಕೊಡುತ್ತದೆ, ಅದು ಇನ್ನಷ್ಟು ಜೋರು ಸೇರಿಸಿ ಅದರ ಮೇಲಿನದಕ್ಕೆ ಕೊಡುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ನೀರು ಶಾಫ್ಟಿನ ಸುತ್ತಲಿನ ಕೊಳವೆಯಲ್ಲಿ ಮೇಲಕ್ಕೆ ಏರುತ್ತದೆ. ದಡದ ಮೇಲೆ ಕೂತ ಮಾಮೂಲಿ ಪಂಪು ನೀರನ್ನು ಹೀರಬೇಕು. ಹೀರುವುದಕ್ಕೆ ಒಂದು ಮಿತಿ ಇದೆ, ಬಹಳ ಆಳ ಹೋದರೆ ಎಂಥ ಪಂಪಿಗೂ ಆಗುವುದಿಲ್ಲ. ಇದು ಹೀರುವುದಿಲ್ಲ, ಕೆಳಗೇ ಇದ್ದುಕೊಂಡು ತಳ್ಳುತ್ತದೆ. ಅದಕ್ಕೇ ಕೆರೆ ತುಂಬಿದರೂ ಇದೇ ಪಂಪು, ಕೆರೆ ತಳ ಕಂಡರೂ ಇದೇ ಪಂಪು. ಅಪ್ಪ ನನ್ನ ಜೊತೆ ಒಂದೇ ಸಮ ಅಷ್ಟೊಂದು ಮಾತಾಡಿದ್ದು ನನಗೆ ಬೇರೆ ನೆನಪಿಲ್ಲ.

ನಮ್ಮ ಮನೆಯ ದಿನಚರಿ ಪಂಪಿನ ದಿನಚರಿ. ಬೆಳಿಗ್ಗೆ ಐದೂಕಾಲಿಗೆ ಶುರು, ಹನ್ನೊಂದಕ್ಕೆ ಬಂದ್. ಮಧ್ಯಾಹ್ನ ಮೂರಕ್ಕೆ ಶುರು, ಏಳೂವರೆಗೆ ಬಂದ್. ಪೇಟೆಯ ನಲ್ಲಿಗಳಿಗೆಲ್ಲ ಆ ಒಂದು ಕೊಳವೆಯ ನೀರು. ಎರಡನೇ ಪಂಪಿಗೆಂದು ಬಾವಿಯ ಮೇಲೆ ಜಾಗ ಬಿಟ್ಟಿದ್ದರು. ಆ ಪಂಪು ಬರಲೇ ಇಲ್ಲ, ಜಾಗಕ್ಕೆ ಹಲಗೆ ಮುಚ್ಚಿತ್ತು. ಎರಡನೇ ಆಪರೇಟರೂ ಬರಲಿಲ್ಲ. ಪಂಪು ಓಡುವಾಗ ಮನೆಯಲ್ಲಿ ಮಾತಿಲ್ಲ, ಆಡಿದರೂ ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲೇ ಸಂಸಾರ ನಡೆಯಿತು. ಅಂಗೈ ಹೊಟ್ಟೆಯ ಮೇಲಿಟ್ಟರೆ ಊಟಕ್ಕೆ ಬಾ. ಒಂದು ಬೆರಳು, ಒಂದು ಮುದ್ದೆ ಸಾಕು. ಅಂಗೈ ತಟ್ಟೆಯ ಮೇಲೆ ಅಡ್ಡ ಹಿಡಿದರೆ ಸಾರು ಬೇಡ. ಅಪ್ಪ ಊಟಕ್ಕೆ ಕೂತಾಗಲೂ ಬಲಗೈ ತಟ್ಟೆಯಲ್ಲಿ, ಎಡಗೈ ಗೋಡೆಯ ಮೇಲೆ. ಅಂಗೈಯಿಂದ ಅವನು ಮೋಟಾರನ್ನು ಕೇಳುತ್ತಿದ್ದ. ವರ್ಷಗಟ್ಟಲೆ ಆ ಸದ್ದಿನ ಪಕ್ಕ ನಿಂತು ಅವನ ಕಿವಿ ಮಂದವಾಗಿತ್ತು, ಅಂಗೈ ಚುರುಕಾಗಿತ್ತು. ಅವ್ವ ಮಾಯಸಂದ್ರದ ತುಂಬಿದ ಮನೆಯವಳು. ನಾಲ್ಕು ಜನ ಅಣ್ಣತಮ್ಮಂದಿರು, ಅತ್ತಿಗೆಯರು, ಅಟ್ಟದ ತುಂಬ ಒಣಗಲು ಬಿಟ್ಟ ಕೊಬ್ಬರಿಯ ಕಾಯಿ, ಪಡಸಾಲೆಯ ತುಂಬ ಮಾತು. ಇಲ್ಲಿ ಅವಳು ಮೋಟಾರು ಓಡುವಾಗ ಒಲೆಯ ಕಡೆ ಮುಖ ಮಾಡಿಕೊಂಡು ಮಾತಾಡುತ್ತಿದ್ದಳು. ಪಕ್ಕದಿಂದ ನೋಡಿದರೆ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಬಯ್ಯುತ್ತಿದ್ದಳೋ, ಅಣ್ಣತಮ್ಮಂದಿರಿಗೆ ಸುದ್ದಿ ಹೇಳುತ್ತಿದ್ದಳೋ ಗೊತ್ತಿಲ್ಲ. ಏಳೂವರೆಗೆ ಸ್ವಿಚ್ಚು ಆರಿದಾಗ ಮೋಟಾರಿನ ತಲೆಯೊಳಗಿನ ಗೂಟಗಳು ಟಕ್ ಟಕ್ ಎಂದು ಹಲ್ಲಿಗೆ ಬಡಿದುಕೊಂಡು, ನಿಧಾನವಾಗುತ್ತ ಹೋಗಿ, ಕಚ್ಚಿಕೊಂಡು ನಿಲ್ಲುತ್ತಿದ್ದವು. ಮೇಲೆ ಏರಿದ್ದ ನೀರು ಕೆಳಕ್ಕೆ ಬೀಳುವಾಗ ಶಾಫ್ಟು ಹಿಂದಕ್ಕೆ ತಿರುಗದಿರಲಿ ಎಂದು ಆ ಏರ್ಪಾಡು. ನನಗೆ ಮಾತ್ರ ಆ ಟಕ್ ಟಕ್ ಎಂದರೆ ಇನ್ನು ಮಾತಾಡಬಹುದು ಎಂದರ್ಥ. ಅಷ್ಟರಲ್ಲಿ ಅಪ್ಪ ಪುಸ್ತಕ ಬರೆದು, ಕೈಕಾಲು ತೊಳೆದು, ಚಾಪೆ ಬಿಡಿಸಿರುತ್ತಿದ್ದ.

ಎಂಟು ವರ್ಷ ತುಂಬಿದಾಗ ನನಗೊಂದು ಕೆಲಸ ಸಿಕ್ಕಿತು. ಶಾಫ್ಟು ಅಷ್ಟು ಉದ್ದ ನೇತಾಡುತ್ತದಲ್ಲ, ಅದು ಅಲ್ಲಾಡದಂತೆ ಕೊಳವೆಯೊಳಗೆ ಅಲ್ಲಲ್ಲಿ ರಬ್ಬರ್ ಬುಷ್ ಹಿಡಿದಿರುತ್ತವೆ. ಆ ಬುಷ್‌ಗಳಿಗೆ ಎಣ್ಣೆ ಇಲ್ಲ. ಪಂಪು ಎತ್ತುವ ನೀರೇ ಅವನ್ನು ನೆನೆಸಿ ಜಾರುವಂತೆ ಇಡುತ್ತದೆ. ಆದರೆ ಪಂಪು ನಿಂತಿದ್ದಾಗ ನೀರಿನ ಮಟ್ಟಕ್ಕಿಂತ ಮೇಲಿರುವ ಬುಷ್‌ಗಳು ಒಣಗಿರುತ್ತವೆ. ಅದಕ್ಕೇ ಶುರು ಮಾಡುವ ಮುಂಚೆ ಮೇಲಿನಿಂದ ಆಲಿಕೆಯಲ್ಲಿ ನೀರು ಸುರಿದು ಅವನ್ನು ನೆನೆಸಬೇಕು. ಎರಡು ಬಿಂದಿಗೆ ಮಾಮೂಲು, ಬೇಸಿಗೆಯಲ್ಲಿ ಮೂರು. ಸುರಿದು, ನೀರು ಕೆಳಗಿಳಿಯಲು ಬಿಟ್ಟು, ಆಮೇಲೆ ಸ್ವಿಚ್ಚು. ಮೋಟಾರಿನ ಎಡಕ್ಕೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಹಿತ್ತಾಳೆ ಬಿಂದಿಗೆ. ನಾನು ಮಣೆ ಹತ್ತಿ ಸುರಿಯುತ್ತಿದ್ದೆ. ಮೋಟಾರು ನನಗಿಂತ ಎತ್ತರ. ಅದರಾಚೆ ಗೋಡೆಗೆ ಕೂಡಿಸಿದ ಪ್ಯಾನೆಲ್ಲಿನ ಎದುರು ಅಪ್ಪ. ಪ್ಯಾನೆಲ್ಲಿನ ಮುಂದೆ ನೆಲದ ಮೇಲೆ ಹಳದಿ ಗೆರೆ, ಅದನ್ನು ನಾನು ದಾಟುವಂತಿರಲಿಲ್ಲ. ಸುರಿದಾದ ಮೇಲೆ ನಾನು ಬಲಗೈ ನೇರ ಮೇಲೆತ್ತಬೇಕು. ಕೂಗಿದರೆ ಅವನಿಗೆ ಕೇಳುತ್ತಿರಲಿಲ್ಲ. ನನ್ನ ಕೈ ನೋಡಿ ಅವನು ಸ್ವಿಚ್ಚು ಹಾಕುತ್ತಿದ್ದ. ಮೊದಲ ದಿನ ಅವನು ಹೇಳಿದ್ದು ಎರಡೇ ಮಾತು.

“ಮೊದ್ಲು ನೀರು, ಆಮ್ಯಾಕೆ ಕೈ. ಸುರುದ್ ಮ್ಯಾಲೆ ಬಿಂದಿಗೆ ಬೋರಲು ಹಾಕು, ಮರೀಬ್ಯಾಡ.”

ದೂಳು ಕೂರದಿರಲಿ ಎಂದು ಹೇಳಿದ್ದಾನೆ ಅಂದುಕೊಂಡೆ. ಪ್ರತಿ ದಿನ ಬೋರಲು ಹಾಕಿದೆ. ಬೆಳಿಗ್ಗೆ ಐದೂಕಾಲಿಗೆ ಆ ಕೋಣೆಯಲ್ಲಿ ನಾನು ಮತ್ತು ಅವನು ಇಬ್ಬರೇ, ಮೋಟಾರಿನ ಆಚೆ ಈಚೆ, ನನ್ನ ಒಂದು ಕೈ ಎದ್ದರೆ ಇಡೀ ಪೇಟೆಗೆ ನೀರು. ಅಷ್ಟು ಸಂತೋಷ ಆಮೇಲೆ ಯಾವ ಕೆಲಸದಲ್ಲೂ ನನಗೆ ಸಿಗಲಿಲ್ಲ.

ಆ ಮನೆಯಲ್ಲಿ ನಾನು ಕಂಡ ನಗುವಿನ ದಿನಗಳೂ ಪಂಪಿನಿಂದಲೇ ಬಂದವು, ಅದು ನಿಂತಾಗ. ನಾನು ಕೆಲಸ ಶುರು ಮಾಡಿದ ಮರು ಬೇಸಿಗೆ ಬಟ್ಟಲುಗಳು ಸವೆದು ನೀರು ಕಮ್ಮಿಯಾಯಿತು ಎಂದು ಪಂಪು ಎತ್ತಲು ತೀರ್ಮಾನಿಸಿದರು. ತಿಪಟೂರಿನಿಂದ ರುದ್ರಾಚಾರಿ ಎಂಬ ಮೇಸ್ತ್ರಿ ಐದು ಆಳುಗಳೊಂದಿಗೆ ಬಂದ. ಮುಕ್ಕಾಲಿ ನಿಲ್ಲಿಸಿ, ಚೈನು ಕಟ್ಟಿ, ಹತ್ತಡಿ ಹತ್ತಡಿ ಕೊಳವೆ ಎತ್ತಿ, ಬಿಚ್ಚಿ, ಏರಿಯ ಮೇಲೆ ಸಾಲಾಗಿ ಮಲಗಿಸಿದರು. ಎಂಟು ದಿನ ನಮ್ಮ ಮನೆಯಲ್ಲಿ ತಟ್ಟೆ ನಡುಗಲಿಲ್ಲ. ಆರು ಜನಕ್ಕೆ ಅವ್ವನೇ ಅಡುಗೆ ಮಾಡಿದಳು, ಹುರುಳಿಕಾಳಿನ ಬಸ್ಸಾರು, ಮುದ್ದೆ, ಮಧ್ಯಾಹ್ನಕ್ಕೆ ಮಜ್ಜಿಗೆ. ಜಗಲಿಯ ಮೇಲೆ ಸಾಲಾಗಿ ಕೂತು ಉಣ್ಣುತ್ತ ಅವರು ಆಡುತ್ತಿದ್ದ ಮಾತಿಗೆ ಅವ್ವ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು. ಅವಳ ಧ್ವನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ರುದ್ರಾಚಾರಿ ಊರೂರು ತಿರುಗಿದವನು. ಇಂಥದೇ ಪಂಪು ಎಲ್ಲೆಲ್ಲಿ ನಿಂತಿದೆ ಎಂದು ಅವನು ಹೇಳುವುದನ್ನು ಕೇಳುತ್ತ ನಾನು ಕಂಬ ಹಿಡಿದು ನಿಂತಿರುತ್ತಿದ್ದೆ. ತುರುವೇಕೆರೆ ಕಡೆ ಆಳದ ಬಾವಿಗಳ ಮೇಲೆ ಇಂಥದೇ ಪಂಪು ಕೂರಿಸಿ ಮೇಲೆ ಡೀಸೆಲ್ ಎಂಜಿನ್ನಿನಿಂದ ಬೆಲ್ಟು ಹಾಕಿ ತೋಟಕ್ಕೆ ನೀರು ಹಾಯಿಸುತ್ತಿದ್ದರಂತೆ. ಹೊಳೆಯಿಂದ ಗುಡ್ಡದ ಮೇಲಿನ ಕಾಲುವೆಗೆ ನೀರೆತ್ತುವ ಕಡೆ ಇದರ ನಾಲ್ಕರಷ್ಟು ಗಾತ್ರದವು ಸಾಲಾಗಿ ನಿಂತಿವೆಯಂತೆ. ಕರೆಂಟು ಮಾಡುವ ಕಾರ್ಖಾನೆಯಲ್ಲಿ ಹಬೆ ತಣಿಸಲು ಸಮುದ್ರದ ನೀರನ್ನೇ ಇಂಥ ಪಂಪು ಎತ್ತುತ್ತದಂತೆ, ಉಪ್ಪಿಗೆ ತಡೆಯಲಿ ಎಂದು ಬೇರೆ ಲೋಹದ ಬಟ್ಟಲು ಹಾಕಿರುತ್ತಾರಂತೆ. ದೊಡ್ಡ ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ಇರಲಿ ಎಂದು ಒಂದನ್ನು ಸದಾ ಸಿದ್ಧವಾಗಿ ಇಟ್ಟು, ವರ್ಷಗಟ್ಟಲೆ ಸುಮ್ಮನೆ ಕಾಯುತ್ತಾರಂತೆ. ಅಲ್ಲೆಲ್ಲ ಪಂಪಿನ ಪಕ್ಕ ಮನೆ ಇರುತ್ತದಾ ಎಂದು ಅವ್ವ ಕೇಳಿದಳು. ಇದ್ದರೂ ಇಂಥ ಬಸ್ಸಾರು ಇರಲ್ಲ ಎಂದು ಅವನು ನಕ್ಕ.

“ಈ ಸಾರಿನ ರುಚಿ ನೋಡುದ್ರೆ ಈ ಪಂಪು ಈ ವರ್ಷ ಇಳಿಸೋದು ಬ್ಯಾಡ ಅನ್ಸ್ತದೆ ಕಣ್ ತಂಗ್ಯವ್ವ. ಏನ್ ಕೆಂಪಣ್ಣ, ಬುಟ್‌ಬುಡಾನಾ?”

ಅಪ್ಪ ನಕ್ಕ. ಮೂರನೆಯ ದಿನ ಅವನು ಮತ್ತು ಅವ್ವ ಜಗಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಒಂಬತ್ತನೆಯ ದಿನ ಪಂಪು ಶುರುವಾಯಿತು, ತಟ್ಟೆಗಳು ನಡುಗಿದವು, ಅಪ್ಪನ ಎಡಗೈ ಗೋಡೆಗೆ ಹೋಯಿತು.

ಜಗಳ ಆದದ್ದು ಅದರ ಮರುವರ್ಷದ ಶ್ರಾವಣದಲ್ಲಿ, ಹಗಲು ಹನ್ನೊಂದೂವರೆಗೆ, ಮೋಟಾರು ನಿಂತ ಮೇಲೆ. ಮಾಯಸಂದ್ರದಲ್ಲಿ ಅವ್ವನ ತಮ್ಮನ ಮಗುವಿಗೆ ನಾಮಕರಣ. ಅಪ್ಪ ಬರಲಾಗುವುದಿಲ್ಲ ಎಂದ. ಅವನ ಬದಲಿಗೆ ಯಾರೂ ಇರಲಿಲ್ಲವಾದ್ದರಿಂದ ಅದು ಹೊಸ ಮಾತಲ್ಲ. ಮದುವೆಗೂ ಹೋಗಿರಲಿಲ್ಲ, ಸಾವಿಗೂ ಹೋಗಿರಲಿಲ್ಲ. ಹಾಗಂದು ಅವನು ಎಂದಿನಂತೆ ಮಲಗಲು ಎದ್ದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಮೋಟ್ರು ನಿಲ್ಲಲಿ, ಮಾತಾಡಾನ ಅಂತ ಕಾಯ್ತೀನಿ. ಅದು ನಿಂತ್ರೆ ನೀವು ಮಲಗ್ತೀರ. ನಾನು ಯಾರ್ ಜೊತೆ ಮಾತಾಡ್ಲಿ? ಗ್ವಾಡೆ ಜೊತೆಗಾ?”

“ಗ್ವಾಡೆ ಆಚೆಗೆ ನಾನೇ ಇರ್ತೀನಲ್ಲ.”

ಅವನು ಸಮಾಧಾನ ಹೇಳಿದ್ದೆಂದೇ ನಾನು ನಂಬಿದ್ದೇನೆ. ಅವ್ವ ಮಾತ್ರ ಮಧ್ಯಾಹ್ನದ ಬಸ್ಸಿಗೆ ಒಂದು ಚೀಲ ಹಿಡಿದು ಹೊರಟಳು. ನನಗೆ ಶಾಲೆ ಇತ್ತು, ನೀರು ಸುರಿಯುವ ಕೆಲಸವಿತ್ತು, ಅಪ್ಪನಿಗೆ ಅನ್ನ ಬೇಯಿಸುವವರು ಬೇಕಿತ್ತು, ನನ್ನನ್ನು ಬಿಟ್ಟುಹೋದಳು. ಅಣ್ಣತಮ್ಮಂದಿರ ಜೊತೆ ಶ್ರಾವಣ ಶನಿವಾರ ಸಂಪಿಗೆ ಊರಿನ ಶ್ರೀನಿವಾಸನ ದರ್ಶನ ಮುಗಿಸಿ ನಾಲ್ಕು ದಿನಕ್ಕೆ ಬರುತ್ತೇನೆ ಎಂದಿದ್ದಳು. ಮೊದಲ ಶನಿವಾರ ಹೋಯಿತು, ಎರಡನೆಯದೂ ಹೋಯಿತು. ಅವ್ವ ಬರಲಿಲ್ಲ. ನಾನು ಅನ್ನ ಮಾಡುತ್ತಿದ್ದೆ, ಅಪ್ಪ ಕೋಲು ಹಿಡಿದು ಮುದ್ದೆ ತೊಳೆಸುತ್ತಿದ್ದ. ಸನ್ನೆಗಳೂ ಕಡಿಮೆಯಾದವು, ಇಬ್ಬರ ನಡುವೆ ಸನ್ನೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಶಾಲೆಯಿಂದ ಬಂದರೆ ಮೋಟಾರು ಓಡುತ್ತಿರುತ್ತಿತ್ತು. ನಾನು ಅವ್ವನ ಜಾಗದಲ್ಲಿ ಒಲೆಯ ಕಡೆ ಮುಖ ಮಾಡಿ ಕೂತು, ಅವಳ ಹಾಗೇ ತುಟಿ ಅಲ್ಲಾಡಿಸಿ ಮಾತಾಡಲು ಶುರು ಮಾಡಿದೆ. ಅಪ್ಪನಿಗೆ ಹೋಗಿ ಕರೆತರುವ ಮನಸ್ಸಿತ್ತೋ ಇಲ್ಲವೋ, ಹೋಗುವಂತಿರಲಿಲ್ಲ. ಬೆಳಿಗ್ಗೆ ಹನ್ನೊಂದರಿಂದ ಮೂರರೊಳಗೆ ಮಾಯಸಂದ್ರಕ್ಕೆ ಹೋಗಿ ಬರುವ ಬಸ್ಸು ಇರಲಿಲ್ಲ. ಇದನ್ನು ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಪಂಪು ಓಡುವವರೆಗೆ ಅಪ್ಪ ಹೋಗಲಾರ. ಪಂಪು ನಿಂತರೆ ರುದ್ರಾಚಾರಿ ಬರುತ್ತಾನೆ, ಆರು ಜನಕ್ಕೆ ಅಡುಗೆ ಆಗಬೇಕು, ಅವ್ವ ಬರಲೇಬೇಕು.

ಮೂರನೇ ಶನಿವಾರ, ಐದೂಕಾಲು. ಹಾಜರಿದ್ದವರು: ಅಪ್ಪ, ನಾನು. ಆ ವರ್ಷ ಇನ್ನೂ ಕೆರೆಗೆ ನೀರು ಬಂದಿರಲಿಲ್ಲ. ಬಾವಿಯಲ್ಲಿ ನೀರು ಬಹಳ ಕೆಳಗಿತ್ತು, ಮೂರು ಬಿಂದಿಗೆ ಸುರಿಯಬೇಕಾದ ಕಾಲ. ನಾನು ಬಿಂದಿಗೆ ತುಂಬಿ ಕಟ್ಟೆಯ ಮೇಲಿಟ್ಟೆ. ಮಣೆ ಹತ್ತಿ ನಿಂತೆ. ಎಂದಿನಷ್ಟು ಹೊತ್ತು ಸುಮ್ಮನೆ ನಿಂತು, ಬಲಗೈ ಎತ್ತಿದೆ. ಮೋಟಾರಿನ ಮರೆಯಲ್ಲಿ ನನಗೆ ಕಾಣುತ್ತಿದ್ದದ್ದು ಅವನ ತಲೆಯ ಮೇಲ್ಭಾಗ ಮಾತ್ರ; ಅವನಿಗೂ ನನ್ನ ಕೈ ಮಾತ್ರ ಕಾಣುತ್ತದೆ ಎಂದು ನನ್ನ ಎಣಿಕೆ. ಆ ದಿನ ಸ್ವಿಚ್ಚು ಸ್ವಲ್ಪ ತಡವಾಯಿತು. ಕೈ ನೋಯತೊಡಗಿತು, ಇಳಿಸಲಿಲ್ಲ. ಆಮೇಲೆ ಮೋಟಾರು ಎದ್ದಿತು. ಆ ಪಂಪಿನಲ್ಲಿ ನೀರು ಮೇಲೆ ಬರಲು ಕೆಲವೇ ಸೆಕೆಂಡು ಸಾಕು. ಒಣ ರಬ್ಬರು ಸುಡಲೂ ಅಷ್ಟೇ ಸಾಕು. ನೆಲದೊಳಗಿನಿಂದ ಹಂದಿ ಕಿರುಚಿದಂಥ ಸದ್ದು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ, ಕಾಲಡಿಯ ಮಣೆ ತಾನೇ ಸರಿಯಿತು. ಅಪ್ಪ ಸ್ವಿಚ್ಚು ಆರಿಸಿದ. ಟಕ್ ಟಕ್ ಕೂಡ ಸರಿಯಾಗಿ ಆಗಲಿಲ್ಲ, ಶಾಫ್ಟು ಗಕ್ಕನೆ ಕಚ್ಚಿ ನಿಂತಿತು. ಅವನು ಮೋಟಾರು ಸುತ್ತಿಕೊಂಡು ಬರುವಷ್ಟರಲ್ಲಿ ನಾನು ಬಿಂದಿಗೆಯ ನೀರನ್ನು ಮೋರಿಗೆ ಚೆಲ್ಲಿ, ಅದನ್ನು ಬೋರಲು ಹಾಕಿದ್ದೆ. ಅವನು ನನ್ನನ್ನು ನೋಡಲಿಲ್ಲ, ಬಿಂದಿಗೆಯನ್ನೂ ನೋಡಲಿಲ್ಲ. ಆಲಿಕೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತ.

ಎಂಟು ಗಂಟೆಗೆ ಎಂಜಿನಿಯರರು ಜೀಪಿನಲ್ಲಿ ಬಂದರು. ನೀರು ಹಾಕಿದ್ದಿರಾ ಎಂದು ಕೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ.

“ಇಲ್ಲ ಸಾಮಿ. ಮರ್ತೋಯ್ತು. ತಪ್ಪು ನಂದೇ.”

ಅವರು ಲಾಗ್ ಪುಸ್ತಕ ತೆಗೆಸಿ ಕೆಂಪು ಶಾಯಿಯಲ್ಲಿ ಮೂರು ಸಾಲು ಬರೆದರು. ಅಲ್ಲಿಯವರೆಗೆ ಆ ಪುಸ್ತಕಗಳಲ್ಲಿ, ಹಳೆಯವೂ ಸೇರಿ, ಕೆಂಪು ಅಕ್ಷರ ಇರಲಿಲ್ಲ. ಅದನ್ನು ಅಪ್ಪ ಎಂದೂ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಆದರೆ ಪುಸ್ತಕ ತುಂಬಿದಾಗ ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ ದೇವರ ಪಟದ ಕೆಳಗೆ ಇಡುತ್ತಿದ್ದ. ಜೀಪು ಹೋದ ಮೇಲೆ ಅವನು ಒಗೆದ ಅಂಗಿ ಹಾಕಿಕೊಂಡು ಬಾ ಎಂದು ಸನ್ನೆ ಮಾಡಿದ. ಮೋಟಾರು ನಿಂತಿತ್ತು, ಮಾತಾಡಬಹುದಿತ್ತು, ಆದರೂ ಸನ್ನೆಯೇ. ಹತ್ತು ಗಂಟೆಯ ಬಸ್ಸಿಗೆ ನಾವು ಮಾಯಸಂದ್ರಕ್ಕೆ ಹೋದೆವು. ನನ್ನ ನೆನಪಿನಲ್ಲಿ ಅಪ್ಪ ಬಸ್ಸು ಹತ್ತಿದ್ದು ಅದೇ ಮೊದಲು. ಸಂಪಿಗೆಯಿಂದ ಆಗಷ್ಟೇ ಬಂದಿದ್ದ ಅವ್ವ ಅಂಗಳದಲ್ಲಿ ಅತ್ತಿಗೆಯರ ಜೊತೆ ನಿಂತಿದ್ದಳು, ಹಣೆಯಲ್ಲಿ ಕುಂಕುಮ. ಅಪ್ಪ ಜಗಲಿಗೂ ಹತ್ತದೆ ಅಂಗಳದಲ್ಲೇ ನಿಂತ.

“ಪಂಪು ಕೆಟ್ಟೋಗದೆ. ನಾಳೆ ಆಚಾರ್ರು ಬತ್ತಾರೆ. ಆರು ಜನಕ್ಕೆ ಅಡಿಗೆ ಆಗ್ಬೇಕು.”

ಅವ್ವ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಅತ್ತಿಗೆಯರು ಊಟ ಮಾಡಿ ಹೋಗಿ ಎಂದರು. ಊಟ ಮಾಡಿ, ಅವ್ವ ಚೀಲ ತೆಗೆದುಕೊಂಡಳು. ಬಸ್ಸಿನಲ್ಲಿ ಅಪ್ಪ ಹಿಂದೆ ಗಂಡಸರ ಕಡೆ ನಿಂತಿದ್ದಾಗ ಅವಳು ಹೇಗಾಯಿತು ಎಂದು ಕೇಳಿದಳು. ಅಪ್ಪ ನೀರು ಹಾಕುವುದು ಮರೆತ ಎಂದೆ. ಅವಳು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು.

“ಹಬ್ಬ ಮರ್ತಾರು, ಹೆಂಡ್ತೀನೂ ಮರ್ತಾರು. ನೀರು ಮರೆಯೋರಲ್ಲ ಕಣೇ ನಿಮ್ಮಪ್ಪ.”

ನನ್ನ ಲೆಕ್ಕ ಎಲ್ಲ ಸರಿಯಾಯಿತು. ರುದ್ರಾಚಾರಿ ಬಂದ, ಹತ್ತು ದಿನ ಮನೆಯಲ್ಲಿ ಮಾತಿತ್ತು. ಅವ್ವ ಮತ್ತೆ ಹಾಗೆ ಮುನಿಸಿಕೊಂಡು ಹೋಗಲಿಲ್ಲ. ಅಪ್ಪ ಅರ್ಜಿಯ ಮೇಲೆ ಅರ್ಜಿ ಬರೆದು, ವರ್ಷಕ್ಕೆ ಎರಡು ಸಲವಾದರೂ ಬದಲಿ ಆಪರೇಟರ್ ಬರುವಂತೆ ಮಾಡಿಕೊಂಡ. ಹನ್ನೊಂದರಿಂದ ಮೂರರವರೆಗೆ ಅವನು ಮಲಗುವುದನ್ನು ಅರ್ಧ ಮಾಡಿ, ಉಳಿದ ಅರ್ಧ ಜಗಲಿಯ ಮೇಲೆ ಅವ್ವನ ಮಾತು ಕೇಳುತ್ತ ಕೂರುತ್ತಿದ್ದ. ಎಷ್ಟು ಕೇಳಿಸುತ್ತಿತ್ತೋ ಗೊತ್ತಿಲ್ಲ. ಕಳೆದುಕೊಂಡವಳು ನಾನು. ಹನ್ನೊಂದನೆಯ ದಿನ ಬೆಳಿಗ್ಗೆ ಐದಕ್ಕೆ ಎದ್ದು ಮೋಟಾರು ಕೋಣೆಗೆ ಹೋದರೆ ಬಿಂದಿಗೆ ಆಗಲೇ ಬೋರಲು ಬಿದ್ದಿತ್ತು. ಅಪ್ಪ ತಾನೇ ಸುರಿದಿದ್ದ. ನನ್ನನ್ನು ಕಂಡು, ಕೈ ಬೀಸಿ, ಹೋಗಿ ಮಲಗು ಎಂದು ಸನ್ನೆ ಮಾಡಿದ. ಮರುದಿನವೂ ಹಾಗೇ. ಹನ್ನೆರಡು ದಿನ ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತು ಬಂದೆ, ಆಮೇಲೆ ನಿಲ್ಲಿಸಿದೆ. ಅವನು ಬಯ್ಯಲಿಲ್ಲ, ಹೊಡೆಯಲಿಲ್ಲ, ಏಕೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನಿಗೆ ಗೊತ್ತಿದೆಯೇ ಇಲ್ಲವೇ ಎಂಬ ಒಂದು ಪ್ರಶ್ನೆ ಆ ಮನೆಯಲ್ಲಿ ನನ್ನ ಜೊತೆ ಉಂಡಿತು, ಮಲಗಿತು, ಶಾಲೆಗೆ ಬಂದಿತು. ಆಮೇಲೆ ನಾನು ನರ್ಸ್ ತರಬೇತಿಗೆ ಹೋದೆ, ನಿವೃತ್ತಿಯಾಗುವವರೆಗೆ ವಾರ್ಡುಗಳಲ್ಲಿ ಕಳೆದೆ. ಸೂಜಿ ಕೊಟ್ಟಾಗಿದೆ ಎಂದು ಇನ್ನೊಬ್ಬರು ಹೇಳಿದರೆ ನಾನು ನಂಬುತ್ತಿರಲಿಲ್ಲ. ಬಾಟಲು ನೋಡುತ್ತಿದ್ದೆ, ಚೀಟಿ ನೋಡುತ್ತಿದ್ದೆ, ರೋಗಿಯ ತೋಳು ನೋಡುತ್ತಿದ್ದೆ. ಕಿರಿಯ ನರ್ಸುಗಳು ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೆಂದು ನನಗೆ ಗೊತ್ತು. ಅಪ್ಪ ಕೊನೆಯ ಸಲ ಆಸ್ಪತ್ರೆ ಸೇರಿದಾಗ ನಾನೇ ಪಕ್ಕದಲ್ಲಿದ್ದೆ. ಕೇಳಲು ಮೂರು ದಿನ ಇತ್ತು. ಅವನ ಕಿವಿ ಪೂರ್ತಿ ಹೋಗಿತ್ತು, ಕೂಗಿ ಕೇಳುವ ಪ್ರಶ್ನೆ ಅದಲ್ಲ. ಅವನ ಎಡಗೈ ಮಂಚದ ಪಕ್ಕದ ಗೋಡೆಯನ್ನು ಹುಡುಕುತ್ತಿತ್ತು. ಮಂಚವನ್ನು ಗೋಡೆಗೆ ಹತ್ತಿರ ಸರಿಸಿದೆ.

ಹೋದ ತಿಂಗಳ ಸೋಮವಾರಕ್ಕೆ ಬರುತ್ತೇನೆ. ಪಂಪು ಬಿಚ್ಚುವ ಮೊದಲು ಒಂದು ಸಲ ಓಡಿಸಿ ಮೀಟರು ಓದಿ ಬರೆದುಕೊಳ್ಳಬೇಕೆಂದು ಮೇಸ್ತ್ರಿ ಲೋಕೇಶ ಹೇಳಿದ. ಬಟ್ಟಲು ಬದಲಾಗಿದ್ದವು, ಮೋಟಾರಿನ ತಂತಿ ಎರಡು ಮೂರು ಸಲ ಸುತ್ತಿಸಿದ್ದರು, ಆದರೂ ನಿಂತ ಜಾಗ, ಕಲ್ಲಿನ ಕಟ್ಟೆ, ಆಲಿಕೆ ಎಲ್ಲ ಅವೇ. ನೀರು ಸುರಿಯಲು ಮೇಲೊಂದು ಡ್ರಮ್ಮಿಟ್ಟು ಕೊಳವೆ ಕೂಡಿಸಿದ್ದರು, ಅದರ ನಲ್ಲಿ ಎಂದೋ ತುಕ್ಕು ಹಿಡಿದು ಕಚ್ಚಿಕೊಂಡು, ಈಗ ಮತ್ತೆ ಬಿಂದಿಗೆಯೇ, ಪ್ಲಾಸ್ಟಿಕ್ಕಿನದು. ನಾನು ಯಾರ ಮಗಳೆಂದು ಗಂಗಾಧರನಿಗೆ ಹೇಳಿದ್ದೆ. ಅವನು ಒಳ್ಳೆಯ ಹುಡುಗ, ಅಪ್ಪನ ಹೆಸರು ಹಳೆಯ ಪುಸ್ತಕಗಳಲ್ಲಿ ನೋಡಿದ್ದೇನೆ ಎಂದ.

“ಕಡೇ ಸಲ ನೀವೇ ಸ್ವಿಚ್ ಹಾಕಿ ಅಮ್ಮ. ನಾನು ನೀರು ಹಾಕ್ತೀನಿ ಬುಡಿ.”

ಹಳದಿ ಗೆರೆ ಅಲ್ಲಲ್ಲಿ ಉಳಿದಿತ್ತು. ದಾಟಿದೆ. ಪ್ಯಾನೆಲ್ಲಿಗೆ ಬೆನ್ನು ಮಾಡಿ, ಅಪ್ಪ ನಿಲ್ಲುತ್ತಿದ್ದಲ್ಲೇ ನಿಂತು ಮೋಟಾರಿನ ಕಡೆ ತಿರುಗಿದೆ. ನಾನು ಹೆಚ್ಚುಕಡಿಮೆ ಅವನಷ್ಟೇ ಎತ್ತರ. ಮೋಟಾರು ನಾನು ನೆನಪಿಟ್ಟುಕೊಂಡಷ್ಟು ದೊಡ್ಡದಿರಲಿಲ್ಲ. ಅದರ ಎಡಕ್ಕೆ, ಯಾವ ಮರೆಯೂ ಇಲ್ಲದೆ, ಕಲ್ಲಿನ ಕಟ್ಟೆ ಪೂರ್ತಿಯಾಗಿ ಕಾಣುತ್ತಿತ್ತು. ಅದರ ಮೇಲಿನ ಬಿಂದಿಗೆ ಬಾಯಿಂದ ತಳದವರೆಗೆ ಕಾಣುತ್ತಿತ್ತು. ತುಂಬಿದ್ದು, ಬಾಯಿ ಮೇಲಾಗಿ. ಕೈ ಎತ್ತುವವರ ಕೈ ನೋಡುವ ಮೊದಲೇ ಕಣ್ಣು ಬಿಂದಿಗೆಯ ಮೇಲೆ ಬೀಳುವ ಜಾಗ ಅದು. ಬೋರಲು ಹಾಕು, ಮರೀಬ್ಯಾಡ ಎಂದದ್ದು ದೂಳಿಗಲ್ಲ. ಅವನು ನೋಡುತ್ತಿದ್ದದ್ದು ನನ್ನ ಕೈಯನ್ನಲ್ಲ, ಬಿಂದಿಗೆಯನ್ನು. ಬೇರೆಯವರ ಕೈ ನಂಬಿ ಸ್ವಿಚ್ಚು ಹಾಕುವ ಮನುಷ್ಯನೇ ಅಲ್ಲ ಅವನು. ಆ ಶನಿವಾರ ಅವನು ತುಂಬಿದ ಬಿಂದಿಗೆ ನೋಡಿದ್ದ, ಎತ್ತಿದ ನನ್ನ ಕೈ ನೋಡಿದ್ದ. ಸ್ವಿಚ್ಚು ತಡವಾದದ್ದು ಅದಕ್ಕೆ. ಆ ತಡದಲ್ಲಿ ಅವನು ಏನು ಯೋಚಿಸಿದನೋ ನಾನು ಹೇಳಲಾರೆ. ಹತ್ತು ವರ್ಷದ ಮಗಳ ಕೈಯನ್ನು ಸುಳ್ಳು ಮಾಡಲು ಮನಸ್ಸು ಬಾರದೆ ಇರಬಹುದು. ಇಲ್ಲವೇ, ನಾನು ಹಾಕಿದ ಲೆಕ್ಕವನ್ನೇ ಅವನೂ ಹಾಕಿದ್ದಿರಬಹುದು. ಪಂಪು ನಿಂತರೆ ಮಾಯಸಂದ್ರಕ್ಕೆ ಹೋಗಬಹುದು ಎಂದು ಆ ಮನೆಯಲ್ಲಿ ಯೋಚಿಸುತ್ತಿದ್ದವಳು ನಾನೊಬ್ಬಳೇ ಎಂದು ನಾನು ಏಕೆ ತಿಳಿದೆ? ಗೊತ್ತಿದ್ದೂ ಕೈಯಾರೆ ಹಾಕಿದ ಸ್ವಿಚ್ಚು ಅದು. ಇನ್ನೊಂದು ದಿನ ನಾನು ಕೈ ಎತ್ತಿದರೆ ತಾನು ಮತ್ತೆ ಹಾಕಿಯಾನೇನೋ ಎಂದು ಅವನು ಹೆದರಿದ್ದು ನನಗಲ್ಲ, ತನಗೇ. ಅದಕ್ಕೇ ಬಿಂದಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಹೀಗೆ ಆ ಕೋಣೆಯಲ್ಲಿ ಮೋಟಾರಿನ ಆಚೆ ಒಬ್ಬರು, ಈಚೆ ಒಬ್ಬರು, ಒಂದೇ ತಪ್ಪನ್ನು ಬೇರೆ ಬೇರೆ ಇಟ್ಟುಕೊಂಡು ಇಷ್ಟು ವರ್ಷ ಇದ್ದೆವು.

ಗಂಗಾಧರ ಮೂರು ಬಿಂದಿಗೆ ಸುರಿದು, ಬಿಂದಿಗೆಯನ್ನು ಬಾಯಿ ಮೇಲಾಗಿ ಕಟ್ಟೆಯ ಮೇಲಿಟ್ಟು, ಹಾಕಿ ಅಮ್ಮ ಎಂದ. ನಾನು ಹಾಕಲಿಲ್ಲ.

“ಬಿಂದಿಗೆ ಬೋರಲು ಹಾಕಪ್ಪ.”

ಏಕೆ ಎಂದು ಕೇಳದೆ ಅವನು ಹಾಕಿದ. ನೋಡಿದೆ. ಸ್ವಿಚ್ಚು ಹಾಕಿದೆ. ಎಂಟು ನಿಮಿಷ ಓಡಿತು. ಪಕ್ಕದ ಮನೆಯಲ್ಲಿ ಈಗ ಸಿಮೆಂಟಿನ ಚೀಲ ತುಂಬಿದ್ದಾರೆ, ನಡುಗಲು ತಟ್ಟೆಗಳಿಲ್ಲ. ಆದರೂ ನಾನು ಎಡಗೈ ಗೋಡೆಗಿಟ್ಟುಕೊಂಡೇ ನಿಂತಿದ್ದೆ. ಮೀಟರು ಓದಿಯಾದ ಮೇಲೆ ಆರಿಸಿದೆ. ಗೂಟಗಳು ಟಕ್ ಟಕ್ ಎಂದು, ನಿಧಾನವಾಗಿ, ಕಚ್ಚಿಕೊಂಡವು. ಆಮೇಲೆ ಇಡೀ ದಿನ ಲೋಕೇಶನ ಕಡೆಯವರು ಕೊಳವೆ ಎತ್ತಿದರು, ಬಿಚ್ಚಿದರು, ಏರಿಯ ಮೇಲೆ ಮಲಗಿಸಿದರು. ಮೇಲಿನ ಬುಷ್‌ಗಳ ರಬ್ಬರು ಇನ್ನೂ ಒದ್ದೆಯಾಗಿತ್ತು, ಮುಟ್ಟಿ ನೋಡಿದೆ. ನಾಲ್ಕೂವರೆಗೆ ಕೊನೆಯ ಬಟ್ಟಲು ಮೇಲೆ ಬಂತು, ಕೆಸರು, ಒಂದೆರಡು ಕಪ್ಪೆಚಿಪ್ಪು. ಬಾವಿಯ ಬಾಯಿಗೆ ಹಲಗೆ ಹಾಕಿದರು. ಗಂಗಾಧರ ಲಾಗ್ ಪುಸ್ತಕದಲ್ಲಿ ದಿನ, ಹೊತ್ತು, ಹಾಜರಿದ್ದವರ ಹೆಸರು ಬರೆದು, ನನ್ನ ಹೆಸರನ್ನೂ ಸೇರಿಸಲೇ ಎಂದು ಕೇಳಿದ. ಬರೆ ಎಂದೆ, ಕೆಂಪಣ್ಣನ ಮಗಳು ಗೌರಮ್ಮ ಎಂದು ಬರೆ ಎಂದೆ. ನೀರು ಹಾಕಿದವರು ಯಾರು, ಸ್ವಿಚ್ಚು ಹಾಕಿದವರು ಯಾರು ಎಂದು ಬೇರೆ ಬೇರೆ ಬರೆಸಿ, ಓದಿ ನೋಡಿದೆ. ಐದೂಕಾಲಿನ ಬಸ್ಸಿಗೆ ಹದಿನೈದು ನಿಮಿಷ ಇತ್ತು. ಆಳುಗಳು ಕೈ ತೊಳೆದು ಬಿಂದಿಗೆಯನ್ನು ಬಾಗಿಲ ಬಳಿ ಬಿಟ್ಟಿದ್ದರು. ಅದರಲ್ಲಿ ಉಳಿದಿದ್ದ ನೀರನ್ನು ಜಗಲಿಯ ಪಕ್ಕದ ತೆಂಗಿನ ಬುಡಕ್ಕೆ ಸುರಿದು, ಒಳಗೆ ಹೋಗಿ, ಕಟ್ಟೆಯ ಮೇಲೆ ಬೋರಲು ಹಾಕಿ, ಬಾಗಿಲು ಮುಂದಕ್ಕೆ ಎಳೆದೆ.